ಮೂಗಿಗೆ ಕೆಲಸ

ಹಿಂಗಾಲಿಗೆ ಸ್ಟೀಲಿನ ಸರಳು ಕೂರಿಸಿ
ಡಾಕ್ಟರ್ ತಿರೋಡ್ಕರ್ ಹೇಳಿದರು:
ಆರು ವಾರ ಮೆಟ್ಟಿಲಿಲ್ಲ, ಓಟವಿಲ್ಲ, ಜಿಗಿತವಿಲ್ಲ.
ಕಾಲಿಗೆ ರಜೆ ಕೊಡಿ, ಮೂಗಿಗೆ ಕೆಲಸ ಕೊಡಿ.
ಮೂಗಿಗಾ? ಎಂದೆ.
ನನ್ನದು ಕೆಲಸ ಬಿಟ್ಟು ಎರಡು ವರ್ಷವಾಗಿತ್ತು,
ಅದನ್ನವರಿಗೆ ಹೇಳಲಿಲ್ಲ.

ಪಾವ್ ಇವನ ಹೆಸರು.
ವಡಾಲಾದ ಬೇಕರಿಯ ಹಿಂದೆ
ಬೆಚ್ಚಗಿನ ಬೂದಿಗುಡ್ಡೆಯಲ್ಲಿ ಸಿಕ್ಕವನು,
ಮೇಲೆ ಕಂದು, ಕೆಳಗೆ ಬಿಳಿ.
ಅಕ್ಕ ಫೋನಿನಲ್ಲಿ ಪಾವು ಎಂದೇ ಕರೆಯುತ್ತಾಳೆ.
ಅದೂ ಸರಿಯೇ. ಅಂದು ಇದ್ದದ್ದು ಅಷ್ಟೇ,
ಒಂದು ಪಾವು ಅಕ್ಕಿಯ ತೂಕ.
ಈಗ ಹದಿನೆಂಟು ಕಿಲೋ. ಮೂರನೇ ಮಹಡಿ.
ಒಂದೂವರೆ ಕೋಣೆ.
ಮೊದಲ ವಾರದಲ್ಲಿ ತಿಂದದ್ದು
ನನ್ನ ಎಡಗಾಲ ಚಪ್ಪಲಿ,
ನೀರಿನ ಬಾಕಿ ಕುರಿತ ಸೊಸೈಟಿಯ ನೋಟೀಸು,
ಕೊನೆಗೆ ತನ್ನದೇ ಬ್ಯಾಂಡೇಜು.

ಅಟ್ಟದಿಂದ ಇಡ್ಲಿ ತಟ್ಟೆ ಇಳಿಸಿದೆ.
ನಾಲ್ಕು ಗುಳಿ. ಎರಡರಲ್ಲಿ ಚಪಾತಿ ಚೂರು,
ನಾಲ್ಕರ ಮೇಲೂ ಬೋರಲು ಹಾಕಿದ ಲೋಟ.
ಮೊದಲ ದಿನ ತಟ್ಟೆಯನ್ನೇ ಮಗುಚಿದ.
ಮರುದಿನ ಅದರ ಮೇಲೆ ಕುಳಿತ.
ಮೂರನೇ ದಿನ
ಒಂದೊಂದೇ ಲೋಟಕ್ಕೆ ಮೂಗು ತಾಗಿಸಿ
ಎರಡನ್ನು ಬಿಟ್ಟು ಎರಡನ್ನು ಉರುಳಿಸಿ
ನನ್ನ ಮುಖ ನೋಡಿದ,
ಲೆಕ್ಕ ಸರಿ ಬಂದ ಹುಡುಗ
ಮೇಷ್ಟರನ್ನು ನೋಡುವ ಹಾಗೆ.

ಹಳೆಯ ಟವೆಲಿಗೆ ಹುರಿಗಡಲೆ ಸುತ್ತಿ ಗಂಟು ಹಾಕಿದರೆ
ಅರ್ಧ ಗಂಟೆ ಬಿಚ್ಚುತ್ತಾನೆ, ಆಮೇಲೆ ನಿದ್ದೆ.
ಲೋಟ ಅದಲುಬದಲು ಮಾಡುವ ಆಟದಲ್ಲಿ ಮಾತ್ರ ಮೋಸ:
ಲೋಟ ನೋಡುವುದೇ ಇಲ್ಲ,
ನನ್ನ ಹೆಬ್ಬೆರಳನ್ನು ನೋಡುತ್ತಾನೆ.
ಅದಕ್ಕೆ ಸುಳ್ಳು ಹೇಳಲು ಬರುವುದಿಲ್ಲ.

ಮಾಟುಂಗಾದ ಹನ್ನೆರಡು ಮನೆಗೆ
ನಾನು ಸಾರಿನ ಪುಡಿ ಮಾಡಿಕೊಡುತ್ತಿದ್ದೆ.
ಆ ಜ್ವರ ಬಂತು. ಹೋಗುವಾಗ
ವಾಸನೆಯನ್ನೂ ಗಂಟುಕಟ್ಟಿಕೊಂಡು ಹೋಯಿತು.
ಮೆಂತ್ಯ ಕರಿದಾದದ್ದು ತಿಳಿಯಲಿಲ್ಲ.
ವಾರಿಜಾ ಹೆಬ್ಬಾರರು ಮೆಲ್ಲನೆ ಅಂದರು,
ಯಾಕೆ ಚಂಚಲಾಕ್ಷಿ, ಈ ಸಲ ಕಹಿ?
ಮುಂದಿನ ಸಲ ಕೇಳಲಿಲ್ಲ.
ಡಬ್ಬಿಯನ್ನೂ ಕಳಿಸಲಿಲ್ಲ.

ಮುಚ್ಚಳಕ್ಕೆ ತೂತು ಕೊರೆದ ಮೂರು ಡಬ್ಬಿ:
ಜೀರಿಗೆ, ಇಂಗು, ಕೊತ್ತಂಬರಿ ಬೀಜ.
ಕೊತ್ತಂಬರಿ ತೋರಿಸಿದರೆ ಚಪಾತಿ.
ಮಂಚದ ಕೆಳಗೆ, ಫ್ರಿಡ್ಜಿನ ಹಿಂದೆ,
ದಿವಂಗತರ ಶೂ ಒಳಗೆ, ಎಲ್ಲಿ ಬಚ್ಚಿಟ್ಟರೂ
ಕುಂಟುತ್ತ ಹೋಗಿ ಮೂಗಿಡುತ್ತಾನೆ.
ಇಂಗಿನ ಮುಂದೆ ಮಾತ್ರ ಮುಖ ತಿರುಗಿಸುತ್ತಾನೆ,
ಸಾಲಗಾರ ಎದುರು ಬಂದವನ ಹಾಗೆ.
ನಾನು ಮೂರನ್ನೂ ಮೂಸಿದೆ.
ತಗಡು, ತಗಡು, ತಗಡು.

ಒಂದು ಮಧ್ಯಾಹ್ನ ಬಾಣಲೆಗೆ ಬೀಜ ಹಾಕಿ
ಸುಮ್ಮನೆ ಕೈಯಾಡಿಸುತ್ತಿದ್ದೆ.
ಚಾಪೆಯ ಮೇಲೆ ಮಲಗಿದ್ದವನ ತಲೆ
ಥಟ್ಟನೆ ಮೇಲೆದ್ದಿತು. ಕಿವಿ ನೆಟ್ಟಗಾಯಿತು.
ಒಲೆ ಆರಿಸಿದೆ.
ಮರುದಿನವೂ ಹಾಗೆ, ಅದೇ ಹೊತ್ತಿಗೆ.
ಅದು ಹದವೋ, ಹಸಿವೋ, ಯಾರಿಗೆ ಗೊತ್ತು.
ಕುಟ್ಟಿ, ಜರಡಿ ಹಿಡಿದು, ಕಾಲು ಕಿಲೋ
ವಾಚ್‌ಮನ್ ಕೈಲಿ ಹೆಬ್ಬಾರರ ಮನೆಗೆ ಕಳಿಸಿದೆ.
ಹತ್ತು ದಿನಕ್ಕೆ ಡಬ್ಬಿ ತೊಳೆದು ಬಂತು.
ಮಾತು ಬರಲಿಲ್ಲ.
ಖಾಲಿ ಡಬ್ಬಿಗೆ ಏನರ್ಥವೆಂದು
ಇಡೀ ಸಂಜೆ ಮುಚ್ಚಳ ತೆಗೆದು ನೋಡುತ್ತಿದ್ದೆ.

ಈಗ ಐದನೇ ವಾರ. ಕಣ್ಣಾಮುಚ್ಚಾಲೆ.
ಅಡಗಲು ಈ ಮನೆಯಲ್ಲಿ ಮೂರೇ ಜಾಗ,
ಬಚ್ಚಲ ಬಾಗಿಲ ಹಿಂದೆ ನಾನು.
ಉಗುರು ಟಕಟಕ ಬರುತ್ತದೆ,
ನಿಲ್ಲುತ್ತದೆ, ಗಾಳಿ ಎಳೆಯುತ್ತದೆ.
ಸಾಬೂನೋ, ಬೆವರೋ, ಹುರಿದ ಧೂಳೋ,
ನಾನು ಏನು ವಾಸನೆಯೋ
ಎರಡು ವರ್ಷದಿಂದ ನನಗೇ ತಿಳಿಯದು.
ಸಂದಿಯಿಂದ ಒದ್ದೆ ಮೂಗು ತೂರಿತು.
ಸಿಕ್ಕಿಬಿದ್ದೆನೋ ಪಾವೂ! ಎಂದು ಕೂಗಿದೆ,
ಅವನು ಬಾಲದಿಂದ ನೆಲ ಬಡಿದ.
ಕೆಳಗಿನ ಮನೆಯ ಪಿಂಟೋ ಸಾಹೇಬರು
ಕೋಲಿನಿಂದ ಚಾವಣಿ ಕುಟ್ಟಿದರು, ಎರಡು ಸಲ.
ಇಬ್ಬರೂ ಉಸಿರು ಹಿಡಿದೆವು.
ಅವನ ಬಾಲವನ್ನು ಮಾತ್ರ
ನಾನೇ ಕೈಯಲ್ಲಿ ಹಿಡಿದುಕೊಳ್ಳಬೇಕಾಯಿತು.